ಈಮ್ಯಾಕ್ಸ್‌ನಲ್ಲಿ ಡಿಬಗ್ ಮಾಡುವಾಗ ಕನ್ನಡ ಹೆಸರಿನ ಫೋಲ್ಡರ್ ಸಿಗದಿದ್ದರೆ

ಲಿನಕ್ಸ್‌ನಲ್ಲಿ ಈಮ್ಯಾಕ್ಸ್ ಎಡಿಟರ್ ಒಳಗಿನಿಂದ ಜಿಡಿಬಿ ಎಂಬ ಡಿಬಗರ್ (ದೋಷ ಹುಡುಕುವ ಉಪಕರಣ) ನಡೆಸಿದಾಗ ಪ್ರೋಗ್ರಾಂ ಬ್ರೇಕ್‌ಪಾಯಿಂಟ್‌ನಲ್ಲಿ ಸರಿಯಾಗಿಯೇ ನಿಲ್ಲುತ್ತದೆ, ಆದರೆ ‘ಲೆಕ್ಕ’ ಎಂಬ ಫೋಲ್ಡರಿನಲ್ಲಿರುವ ಸೋರ್ಸ್ ಫೈಲ್ ತೆರೆದುಕೊಳ್ಳುವುದಿಲ್ಲ, ಅದರ ಪಾಥ್ ಇರಬೇಕಾದಲ್ಲಿ \340\262\262 ಎಂದು ಶುರುವಾಗುವ ಅಂಕಿಗಳ ಸಾಲು ಕಾಣುತ್ತದೆ ಎಂದು ನೀವು ಬರೆದಿದ್ದೀರಿ. ಇದಕ್ಕಾಗಿ ಫೋಲ್ಡರಿಗೆ ಇಂಗ್ಲಿಷ್ ಹೆಸರು ಇಡಬೇಕಾಗಿಲ್ಲ. ಹೆಸರು ಕೆಟ್ಟಿಲ್ಲ, ಅದನ್ನು ಓದುವ ಬಗೆಯಷ್ಟೇ ತಪ್ಪಿದೆ.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಲೆಕ್ಕ’ ಎಂಬುದರಲ್ಲಿ ಲ, ಎತ್ವ, ಕ, ವಿರಾಮ ಮತ್ತು ಇನ್ನೊಂದು ಕ ಸೇರಿ 5 ಸಂಕೇತಗಳಿರುವುದರಿಂದ ಒಟ್ಟು 15 ಬೈಟ್ ಆಗುತ್ತವೆ. ಎಡಿಟರ್ ಜೊತೆ ಎಂಐ ಎಂಬ, ಪ್ರೋಗ್ರಾಂಗಳು ಓದಲೆಂದೇ ಇರುವ ವಿಧಾನದಲ್ಲಿ ವ್ಯವಹರಿಸುವಾಗ ಜಿಡಿಬಿ ಈ ಬೈಟ್‌ಗಳನ್ನು ಹಾಗೆಯೇ ಕಳುಹಿಸದೆ, ಒಂದೊಂದನ್ನೂ ಬ್ಯಾಕ್‌ಸ್ಲ್ಯಾಶ್ ಮತ್ತು ಮೂರಂಕಿಯ ಆಕ್ಟಲ್ (ಎಂಟರ ಆಧಾರದ) ಸಂಖ್ಯೆಯಾಗಿ ಬರೆದು ಕಳುಹಿಸಿದೆ. ಈಮ್ಯಾಕ್ಸ್ ಅದನ್ನು ಮತ್ತೆ ಬೈಟ್‌ಗಳಾಗಿಸದಿದ್ದರೆ, 60 ಅಕ್ಷರಗಳ ಆ ಸಾಲನ್ನೇ ಫೋಲ್ಡರಿನ ಹೆಸರೆಂದು ತಿಳಿದು ಹುಡುಕುತ್ತದೆ.

ಇದಕ್ಕೆಂದೇ ಈಮ್ಯಾಕ್ಸ್ 25.1ರಲ್ಲಿ ‘ಜಿಡಿಬಿ-ಎಂಐ-ಡಿಕೋಡ್-ಸ್ಟ್ರಿಂಗ್ಸ್’ ಎಂಬ ವೇರಿಯಬಲ್ ಬಂದಿದೆ. ಕಂಟ್ರೋಲ್-ಎಚ್ ಒತ್ತಿ, ನಂತರ ವಿ ಒತ್ತಿ, ಆ ಹೆಸರು ಕೊಟ್ಟು ಅದರ ಈಗಿನ ಮೌಲ್ಯವನ್ನು ನೋಡಿರಿ; ‘ನಿಲ್’ ಎಂದಿದ್ದರೆ ‘ಯುಟಿಎಫ್-8’ ಎಂದು ಬದಲಿಸಿ, ಡಿಬಗ್ ಸೆಷನ್ ಅನ್ನು ಹೊಸದಾಗಿ ಆರಂಭಿಸಿರಿ. ಇದರಲ್ಲಿ ಒಂದು ಎಚ್ಚರಿಕೆಯೂ ಇದೆ: ನಿಮ್ಮ ಪ್ರೋಗ್ರಾಮಿನ ಸ್ಟ್ರಿಂಗ್ ಒಂದರಲ್ಲಿ ನಿಜವಾಗಿಯೇ ಬ್ಯಾಕ್‌ಸ್ಲ್ಯಾಶ್ ಮತ್ತು 200ರಿಂದ 377ರವರೆಗಿನ ಆಕ್ಟಲ್ ಅಂಕಿಗಳು ಇದ್ದರೆ, ಈಮ್ಯಾಕ್ಸ್ ಅದನ್ನೂ ಅಕ್ಷರವಾಗಿಸಿ ತೋರಿಸಬಹುದು.

ಅಕ್ಷರಗಳು ಸರಿಯಾಗಿ ಕಂಡ ಮೇಲೂ ಫೈಲ್ ಸಿಗದಿದ್ದರೆ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಬೈಟ್‌ಗಳಲ್ಲಿ ಬೇರೆಯಾಗಿವೆಯೇ ಎಂದು ನೋಡಬೇಕು. ಕನ್ನಡದಲ್ಲಿ ಇದಕ್ಕೆ ಅವಕಾಶ ಹೆಚ್ಚು. ‘ಕೋಶ’ದ ಓತ್ವವನ್ನು \340\263\213 ಎಂಬ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು, ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ‘ಸಾಫ್ಟ್‌ವೇರ್’ ಎಂದು ಟೈಪ್ ಮಾಡುವಾಗ ನಡುವೆ ಸೇರುವ, ಅಗಲವೇ ಇಲ್ಲದ ಬೇರ್ಪಡಿಕೆ ಸಂಕೇತವೂ \342\200\214 ಎಂಬ ಮೂರು ಬೈಟ್ ಆಗಿ ಹೆಸರಿನಲ್ಲಿ ಉಳಿಯುತ್ತದೆ. ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್‌ಗಳಿಗೆ ಇವೆಲ್ಲ ಬೇರೆ ಬೇರೆ ಹೆಸರುಗಳೇ. ಹಾಗಾಗಿ ಜಿಡಿಬಿಯಲ್ಲಿ ‘ಇನ್ಫೋ ಸೋರ್ಸ್’ ಆಜ್ಞೆ ಕೊಟ್ಟು ಕಂಪೈಲರ್ ದಾಖಲಿಸಿರುವ ಪಾಥ್ ಪಡೆದುಕೊಳ್ಳಿ. ಆ ಪಾಥ್ ಮತ್ತು ಡಿಸ್ಕಿನಲ್ಲಿರುವ ಹೆಸರು ಎರಡನ್ನೂ ಟರ್ಮಿನಲ್‌ನಲ್ಲಿ ಪೈಪ್ ಮೂಲಕ ‘ಓಡಿ’ ಆಜ್ಞೆಗೆ ‘ಸಿ’ ಆಯ್ಕೆಯೊಂದಿಗೆ ಕೊಟ್ಟರೆ ಅವುಗಳ ಆಕ್ಟಲ್ ಅಂಕಿಗಳು ಬರುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಎಲ್ಲಿ ಬೇರೆಯಾಗಿವೆ ಎಂಬುದು ತಿಳಿಯುತ್ತದೆ. ಆಮೇಲೆ ಫೋಲ್ಡರಿನ ಹೆಸರನ್ನು ಕನ್ನಡದಲ್ಲೇ ಮತ್ತೊಮ್ಮೆ ಟೈಪ್ ಮಾಡಿ ಪ್ರೋಗ್ರಾಂ ಅನ್ನು ಪುನಃ ಕಂಪೈಲ್ ಮಾಡಬಹುದು, ಅಥವಾ ಜಿಡಿಬಿಯ ‘ಸೆಟ್ ಸಬ್‌ಸ್ಟಿಟ್ಯೂಟ್-ಪಾಥ್’ ಮೂಲಕ ಹಳೆಯ ಪಾಥ್ ಬದಲಿಗೆ ಹೊಸದನ್ನು ಸೂಚಿಸಬಹುದು.

ಇದೇ ಪ್ರಾಜೆಕ್ಟನ್ನು ವಿಂಡೋಸ್‌ಗೆ ಒಯ್ಯುವುದಾದರೆ ಈ ಸೆಟ್ಟಿಂಗ್ ಒಂದೇ ಸಾಲದು. ಅಲ್ಲಿ ಕನ್ನಡಕ್ಕೆ ಹಳೆಯ ಮಾದರಿಯ ಕೋಡ್ ಪೇಜ್ (ಯುನಿಕೋಡ್‌ಗೆ ಹಿಂದಿನ ಅಕ್ಷರಪಟ್ಟಿ) ಇಲ್ಲ. ಆದ್ದರಿಂದ ಆ ಮಾದರಿಯನ್ನೇ ನಂಬಿರುವ ಉಪಕರಣಗಳಲ್ಲಿ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗುತ್ತದೆ, ಹಾಗೆ ಬದಲಾದ ಮೇಲೆ ಮೂಲ ಬೈಟ್‌ಗಳನ್ನು ಮರಳಿ ಪಡೆಯಲಾಗದು. ಅಂಥ ಉಪಕರಣಗಳಿಗಾಗಿ ‘ಸಬ್‌ಸ್ಟ್’ ಆಜ್ಞೆಯಿಂದ ಆ ಫೋಲ್ಡರಿಗೆ ಒಂದು ಡ್ರೈವ್ ಅಕ್ಷರ ಕೊಟ್ಟು, ಅಲ್ಲಿಂದಲೇ ಕಂಪೈಲ್ ಮಾಡಿ ಡಿಬಗ್ ಮಾಡಿರಿ.