ಮಗಳು ರಂಗೋಲಿ ಬಿಟ್ಟಿದ್ದಾಳೆ

ಪ್ರಶ್ನೆ: ಪ್ರಥಮ ಪಿಯುಸಿ ಓದುತ್ತಿರುವ ನನ್ನ 16 ವರ್ಷದ ಮಗಳು ಎರಡು ತಿಂಗಳಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ನಿದ್ದೆಯೂ ಇಲ್ಲ. ಇಷ್ಟಪಟ್ಟು ಹಾಕುತ್ತಿದ್ದ ರಂಗೋಲಿಯನ್ನೂ ಬಿಟ್ಟಿದ್ದಾಳೆ. ಅತ್ತೆಯವರು ‘ವಯಸ್ಸೇ ಅಂಥದ್ದು’ ಎನ್ನುತ್ತಾರೆ. ಮನೋವೈದ್ಯರ ಬಳಿ ಹೋದರೆ ನಾಲ್ಕು ಜನ ಏನೆಂದಾರು?

ಉತ್ತರ: ತಾಯಿ, ನೀವು ರಂಗೋಲಿಯ ಮಾತನ್ನು ಬರೆದದ್ದು ಒಳ್ಳೆಯದಾಯಿತು. ಮುಂಗೋಪ, ಬಾಗಿಲು ಹಾಕಿಕೊಳ್ಳುವುದು ಈ ವಯಸ್ಸಿನಲ್ಲಿ ಸಹಜವೇ. ಆದರೆ ಪ್ರೀತಿಯ ಕೆಲಸದಲ್ಲಿ ಆಸಕ್ತಿ ಹೋಗಿ, ಊಟ ನಿದ್ದೆಗಳು ಕೆಟ್ಟು, ಅದು ಎರಡು ವಾರಕ್ಕಿಂತ ಹೆಚ್ಚು ಮುಂದುವರಿದರೆ ಖಿನ್ನತೆ ಇರಬಹುದೆಂದು ವೈದ್ಯರು ಪರೀಕ್ಷಿಸಲೇಬೇಕು. ಜೊತೆಗೆ ರಕ್ತಪರೀಕ್ಷೆಯನ್ನೂ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆಯಿದೆ. ಅದರ ಸುಸ್ತು, ನಿರುತ್ಸಾಹಗಳು ಖಿನ್ನತೆಯಂತೆಯೇ ಕಾಣುತ್ತವೆ, ಎರಡೂ ಒಟ್ಟಿಗೆ ಇರುವುದೂ ಉಂಟು.

ಅಂಕಗಳ ವಿಷಯ ಸದ್ಯಕ್ಕೆ ಎತ್ತಬೇಡಿ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿ ಕೂರಿಸಿಕೊಂಡು, ಉಪದೇಶ ಮಾಡದೆ ಕೇಳಿಸಿಕೊಳ್ಳಿ. ಕಾಲೇಜಿನಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸಿ. ಬೈಗುಳ ತಿನ್ನಬೇಕಾದೀತೆಂಬ ಅಂಜಿಕೆಯಿಂದಲೇ ಎಷ್ಟೋ ಹುಡುಗಿಯರು ಇದನ್ನು ನುಂಗಿಕೊಳ್ಳುತ್ತಾರೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಜನರ ಮಾತಿನ ಭಯವಿದ್ದರೆ ಮೊದಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು; ನಿಮ್ಮ ಮಗಳೇ ಕರೆ ಮಾಡಿದರೂ ಆದೀತು.