ಶಿಬಿರದಲ್ಲಿ ಬಂದ ನೀಲಿ ಮನೆಯಲ್ಲಿ ಯಾಕೆ ಬರಲಿಲ್ಲ?

ಪ್ರಶ್ನೆ: ಎರಡು ದಿನದ ಶಿಬಿರಕ್ಕೆ ಹೋಗಿದ್ದೆ. ಹತ್ತು ಜನ ಇದ್ದೆವು. ಮೊದಲ ದಿನ ಇಂಡಿಗೊ ಬಣ್ಣ, ಮರುದಿನ ಮಗ್ಗ. ಅಲ್ಲಿ ಬಟ್ಟೆಗೆ ಚೆಂದದ ನೀಲಿ ಬಂತು. ಮನೆಯಲ್ಲಿ ಅದೇ ಪುಡಿಯನ್ನು ನೀರಿಗೆ ಹಾಕಿ ಅದ್ದಿದರೆ ಬರೀ ಮಚ್ಚೆ, ಮುಟ್ಟಿದರೆ ಕೈಗೆಲ್ಲ ನೀಲಿ. ಮಗ್ಗದಲ್ಲಿ ನೇಯ್ದ ಪಟ್ಟಿಯೂ ಹೋಗ್ತಾ ಹೋಗ್ತಾ ಕಿರಿದಾಯಿತು. ಪಕ್ಕದವರದ್ದು ನೆಟ್ಟಗಿತ್ತು. ನನ್ನ ಕೈಗೆ ಇದು ಒಗ್ಗುವುದಿಲ್ಲ ಅಲ್ವಾ?

ಉತ್ತರ: ಸುಮ್ನೆ ಕೈಯನ್ನು ಬೈಯಬೇಡಿ. ಶಿಬಿರದಲ್ಲಿ ನೀವು ಮಾಡಿದ್ದು ಕೊನೆಯ ಕೆಲಸ ಮಾತ್ರ. ಬಣ್ಣದ ಪಾತ್ರೆಯನ್ನು ಹದಕ್ಕೆ ತಂದಿದ್ದು, ಮಗ್ಗಕ್ಕೆ ಹಾಸು, ಅಂದರೆ ಉದ್ದುದ್ದದ ಎಳೆಗಳನ್ನು, ಬಿಗಿದಿದ್ದು ಎಲ್ಲ ನೀವು ಬರುವ ಮೊದಲೇ ಮುಗಿದಿರುತ್ತದೆ.

ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ನೀರಿಗೆ ಪುಡಿ ಕಲಸಿದರೆ ಅದು ನೀಲಿ ಕೆಸರು ಅಷ್ಟೆ, ನೂಲಿನ ಮೇಲೆ ಕೂರುತ್ತದೆ, ಒಳಗಿಳಿಯುವುದಿಲ್ಲ. ಅದಕ್ಕೇ ಕೈಗೆ ಹತ್ತಿದ್ದು. ಅದು ಕರಗಬೇಕಾದರೆ ಸುಣ್ಣದಂಥ ಕ್ಷಾರ ಬೇಕು, ಜೊತೆಗೆ ಫ್ರಕ್ಟೋಸ್ ಸಕ್ಕರೆಯಂಥದ್ದು ಬೇಕು, ಬಿಸಿ ಬೇಕು, ಕಾಯುವ ತಾಳ್ಮೆಯೂ ಬೇಕು. ಮೇಲೆ ತಾಮ್ರದ ಹೊಳಪಿನ ಕೆನೆ, ಕೆಳಗೆ ಹಳದಿ-ಹಸಿರು ನೀರು ಕಂಡರೆ ಹದ ಬಂದಿದೆ ಎಂದರ್ಥ. ಬಟ್ಟೆ ಹೊರಗೆ ಬರುವಾಗ ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ಪಾತ್ರೆಯನ್ನು ಜೋರಾಗಿ ಕದಡಿದರೆ ಗಾಳಿ ಒಳಗೇ ಹೋಗಿ ಹದ ಕೆಡುತ್ತದೆ. ಒಂದೇ ಸಲ ತುಂಬಾ ಹೊತ್ತು ನೆನೆಸುವುದಕ್ಕಿಂತ, ಸ್ವಲ್ಪ ಸ್ವಲ್ಪ ಹೊತ್ತು ನಾಲ್ಕೈದು ಸಲ ಅದ್ದಿ, ಪ್ರತಿ ಸಲ ಗಾಳಿಗೆ ಹಿಡಿಯಿರಿ. ಸುಣ್ಣ ಮುಟ್ಟುವಾಗ ಕೈಗವಸು ಮರೆಯಬೇಡಿ.

ಮಚ್ಚೆಗೆ ಇನ್ನೊಂದು ಕಾರಣವೂ ಇರಬಹುದು. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ, ಎಣ್ಣೆಯಂಶ ಇರುತ್ತದೆ. ವಾಷಿಂಗ್ ಸೋಡಾ ಹಾಕಿ ಒಂದು ಗಂಟೆಯಾದರೂ ಕುದಿಸಿ, ತೊಳೆದು, ಒದ್ದೆಯಿರುವಾಗಲೇ ಅದ್ದಿ.

ಇನ್ನು ಮಗ್ಗ. ಹೊಕ್ಕಿನ ನೂಲು, ಅಂದರೆ ಅಡ್ಡಕ್ಕೆ ಹಾಯಿಸುವ ನೂಲು, ಹಾಸಿನ ಎಳೆಗಳ ಮೇಲೆ ಕೆಳಗೆ ಸುತ್ತಿಕೊಂಡು ಹೋಗುತ್ತದೆ, ಹಾಗಾಗಿ ಅದಕ್ಕೆ ಬಟ್ಟೆಯ ಅಗಲಕ್ಕಿಂತ ಜಾಸ್ತಿ ಉದ್ದ ಬೇಕು. ನೀವು ಅದನ್ನು ನೇರ ಎಳೆದು ಬಿಗಿ ಮಾಡಿದ್ದೀರಿ, ಅಂಚು ಒಳಗೆ ಬಂದಿದೆ. ನೂಲನ್ನು ಓರೆಯಾಗಿ, ಸ್ವಲ್ಪ ಸಡಿಲ ಬಿಟ್ಟು ಆಮೇಲೆ ಹಣಿಗೆಯಿಂದ ಬಡಿಯಿರಿ. ಎರಡೆರಡು ಇಂಚಿಗೆ ಅಗಲ ಅಳೆಯಿರಿ. ಅಂದಹಾಗೆ ಪಕ್ಕದವರ ಪಟ್ಟಿಯನ್ನು ಟೇಪ್ ಹಿಡಿದು ಅಳೆದಿದ್ದಿರಾ?

ಮತ್ತೆ ಶಿಬಿರಕ್ಕೆ ಹೋದರೆ ಕಲಿಸುವವರನ್ನು ಕೇಳಿಕೊಂಡು ಬೇಗ ಹೋಗಿ, ಪಾತ್ರೆ ಹದಕ್ಕೆ ಬರುವುದನ್ನು, ಹಾಸು ಬಿಗಿಯುವುದನ್ನು ಪಕ್ಕದಲ್ಲೇ ನಿಂತು ನೋಡಿ. ಬೇಜಾರಿನ ಕೆಲಸವೇ, ಆದರೆ ಅವರಿಗೂ ಎಳೆ ಹಿಡಿಯಲು ಇನ್ನೊಂದು ಕೈ ಬೇಕಾಗಿರುತ್ತದೆ.