600 ಕಿ.ಮೀ. ಓಡಿದ ಶೂಗಳನ್ನು ಎಸೆಯಬೇಕೇ?

ನಮಸ್ಕಾರ. ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್‌ನಲ್ಲಿ, ಅಂದರೆ ಕಾಲುವೆಯ ಪಕ್ಕದ ಮಣ್ಣಿನ ದಾರಿಯಲ್ಲಿ, ಮೊದಲ ಹಾಫ್ ಮ್ಯಾರಥಾನ್ (21 ಕಿ.ಮೀ.) ಓಡಲು ಸಿದ್ಧರಾಗುತ್ತಿರುವ ತಾವು, ಸುಮಾರು 600 ಕಿ.ಮೀ. ಓಡಿರುವ ಶೂಗಳನ್ನು ಎಸೆದು, ಸ್ನೇಹಿತರು ಹೇಳುವಂತೆ ಕಾರ್ಬನ್ ಪ್ಲೇಟ್ (ವೇಗಕ್ಕೆಂದು ಅಡಿಯ ಫೋಮ್‌ನೊಳಗೆ ಕೂಡಿಸಿದ ಗಟ್ಟಿ ಹಾಳೆ) ಇರುವ ಹೊಸ ಜೋಡಿಯನ್ನು ಕೊಳ್ಳಬೇಕೇ ಎಂದು ಕೇಳಿದ್ದೀರಿ. ಹಳೆಯದನ್ನು ಎಸೆಯಬೇಡಿ, ಆದರೆ ಅದೊಂದನ್ನೇ ನೆಚ್ಚಿಕೊಂಡು ಓಟದ ದಿನದವರೆಗೆ ಹೋಗಲೂ ಬೇಡಿ.

ಒಂದು ಜೋಡಿ ಶೂಗಳ ಬಾಳಿಕೆ 500ರಿಂದ 800 ಕಿ.ಮೀ. ಎಂಬುದು ಎಲ್ಲರೂ ಹೇಳುವ ಸ್ಥೂಲ ಲೆಕ್ಕ. ಅದರ ಹಿಂದಿರುವ ಕಾರಣ ತಿಳಿದರೆ ನಿರ್ಧಾರ ಸುಲಭವಾಗುತ್ತದೆ. ಶೂವಿನ ನಡುವಿನ ಫೋಮ್‌ನಲ್ಲಿ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿರುತ್ತವೆ. ಪ್ರತಿ ಹೆಜ್ಜೆಗೂ ಅವು ಕುಗ್ಗಿ ಮತ್ತೆ ಉಬ್ಬುತ್ತವೆ, ಲಕ್ಷಾಂತರ ಹೆಜ್ಜೆಗಳ ನಂತರ ಪೂರ್ತಿ ಉಬ್ಬುವುದನ್ನು ನಿಲ್ಲಿಸುತ್ತವೆ. ಇದು ಎಷ್ಟು ಬೇಗ ಆಗುತ್ತದೆ ಎಂಬುದು ಓಡುವವರ ತೂಕ, ಪಾದ ಊರುವ ರೀತಿ, ಡಾಂಬರೋ ಮಣ್ಣೋ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಸಂಖ್ಯೆಯನ್ನು ಎಚ್ಚರಿಕೆಯ ಗಂಟೆಯೆಂದು ಮಾತ್ರ ತಿಳಿದು, ಶೂಗಳನ್ನೇ ಪರೀಕ್ಷಿಸಿ ನೋಡಬೇಕು.

ಎರಡನ್ನೂ ಮೇಜಿನ ಮೇಲಿಟ್ಟು, ಕಣ್ಣನ್ನು ಹಿಮ್ಮಡಿಯ ಮಟ್ಟಕ್ಕೆ ತಂದು ಹಿಂದಿನಿಂದ ನೋಡಿ. ನೇರವಾಗಿ ನಿಂತಿದ್ದರೆ ಒಳ್ಳೆಯದು. ಒಂದು ಬದಿಗೆ ವಾಲಿದ್ದರೆ ಆ ಬದಿಯ ಫೋಮ್ ಕುಸಿದಿದೆ ಎಂದರ್ಥ. ಫೋಮ್‌ನ ಪಕ್ಕದಲ್ಲಿ ಬಿಟ್ಟುಹೋಗದ ಆಳವಾದ ಸುಕ್ಕುಗಳಿವೆಯೇ, ಅಡಿಯ ರಬ್ಬರ್ ಸವೆದು ಫೋಮ್ ಹೊರಬಂದಿದೆಯೇ ಎಂಬುದನ್ನು ಗಮನಿಸಿ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಹೆಚ್ಚು ಸವೆಯುವುದು ಬಹುಪಾಲು ಜನರಲ್ಲಿ ಸಹಜ, ಅದಕ್ಕೆ ಹೆದರಬೇಕಿಲ್ಲ. ಆದರೆ ಎಡಗಾಲಿನ ಶೂ ಬಲಗಾಲಿನದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಸವೆದಿದ್ದರೆ, ದಿನವೂ ರಸ್ತೆಯ ಒಂದೇ ಅಂಚಿನಲ್ಲಿ ಓಡುತ್ತಿದ್ದೀರಾ ಎಂದು ಯೋಚಿಸಿ. ನೀರು ಹರಿಯಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುವುದರಿಂದ ಎರಡು ಕಾಲುಗಳ ಮೇಲೆ ಬೀಳುವ ಭಾರ ಒಂದೇ ಆಗಿರುವುದಿಲ್ಲ. ದೂರ ಓಡುವವರು ತಮ್ಮ ಓಟವನ್ನು ಅರಿಯುವುದಕ್ಕೆ ಹಳೆಯ ಜೋಡಿಯಷ್ಟು ಪ್ರಾಮಾಣಿಕವಾದ ದಾಖಲೆ ಬೇರೊಂದಿಲ್ಲ ಎಂದು ನಾನು ಮನಸಾರೆ ನಂಬುತ್ತೇನೆ. ಕೈಗಡಿಯಾರ ವೇಗವನ್ನು ಹೇಳುತ್ತದೆ, ಪಾದ ಎಲ್ಲಿ ಊರಿತು ಎಂಬುದನ್ನು ಹೇಳುವುದು ಸೋಲ್ ಮಾತ್ರ.

ಓಟದ ದೂರವನ್ನು ಹೆಚ್ಚಿಸದಿದ್ದರೂ ಮೊಣಕಾಲಿನಲ್ಲಿ ಅಥವಾ ಕಣಕಾಲಿನ ಮುಂಭಾಗದಲ್ಲಿ ಹೊಸದಾಗಿ ನೋವು ಕಾಣಿಸಿಕೊಂಡರೆ, ಆ ಜೋಡಿಯಲ್ಲಿ ದೂರದ ಓಟ ನಿಲ್ಲಿಸಿ. ನೋವು ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಪರೀಕ್ಷೆಯಲ್ಲಿ ದೊಡ್ಡ ದೋಷ ಕಾಣದಿದ್ದರೆ, ಹಳೆಯದಿರುವಾಗಲೇ ಹೊಸದೊಂದನ್ನು ಕೊಂಡು ಎರಡನ್ನೂ ಬದಲಿಸುತ್ತಾ ಓಡಿ. ಲಕ್ಸೆಂಬರ್ಗ್‌ನ ಸಂಶೋಧಕರು 264 ಓಟಗಾರರನ್ನು 22 ವಾರ ಗಮನಿಸಿದಾಗ, ಒಂದಕ್ಕಿಂತ ಹೆಚ್ಚು ಜೋಡಿಗಳನ್ನು ಬಳಸುವವರಲ್ಲಿ ಗಾಯದ ಸಾಧ್ಯತೆ ಶೇ. 39ರಷ್ಟು ಕಡಿಮೆ ಇದ್ದುದು ಕಂಡುಬಂದಿತು. ಹೊಸದನ್ನು ಮೊದಲು 4–5 ಕಿ.ಮೀ. ಓಟಗಳಿಗೆ ಹಾಕಿಕೊಳ್ಳಿ, ಕ್ರಮೇಣ ವಾರದ ದೀರ್ಘ ಓಟವನ್ನು ಅದಕ್ಕೆ ವಹಿಸಿ, ನಿಧಾನದ ಸಣ್ಣ ಓಟಗಳನ್ನು ಹಳೆಯದಕ್ಕೆ ಬಿಡಿ. ಕಾರ್ಬನ್ ಪ್ಲೇಟ್ ತಮಗೆ ಈಗ ಬೇಡ. ಅಂಥ ಶೂಗಳ ಎತ್ತರದ ಮೃದು ಫೋಮ್ ಸಮತಟ್ಟಾದ ಡಾಂಬರಿಗೆ ಹೊಂದುತ್ತದೆಯೇ ಹೊರತು, ಕಾಲುವೆಯ ಪಕ್ಕದ ಕಲ್ಲುಮಣ್ಣಿನ ದಾರಿಯಲ್ಲಿ ಪಾದ ಉಳುಕಿಸುವ ಸಂಭವವಿದೆ.

ಇದೇ ಚರ್ಚೆಯಲ್ಲಿ ಮತ್ತೊಬ್ಬ ಸದಸ್ಯರು ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾ ಬರಿಗಾಲಿನಲ್ಲಿ ಗೆದ್ದದ್ದನ್ನು ನೆನಪಿಸಿ, ಶೂಗಳ ಚಿಂತೆಯೇ ಬೇಡ ಎಂದಿದ್ದಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರು ಬರಿಗಾಲಿನಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಮ್ಯಾರಥಾನ್ ಗೆದ್ದದ್ದು ನಿಜ. ಅಲ್ಲಿ ದೊರೆತ ಶೂಗಳು ಅವರ ಕಾಲಿಗೆ ಹೊಂದಲಿಲ್ಲ, ಬರಿಗಾಲಿನ ಓಟವಾದರೋ ಅವರಿಗೆ ರೂಢಿಯಲ್ಲಿತ್ತು. 1964ರಲ್ಲಿ ಟೋಕಿಯೋದಲ್ಲಿ ಶೂ ಧರಿಸಿಯೇ 2:12:11ರಲ್ಲಿ ಮತ್ತೆ ಗೆದ್ದರು. ಓಟದ ದಿನ ಕಾಲಿಗೆ ಗೊತ್ತಿರುವುದನ್ನೇ ನಂಬಬೇಕು ಎಂಬುದಕ್ಕೆ ಇವೆರಡೂ ಸಾಕ್ಷಿ. ಹಳೆಯ ಜೋಡಿ ನಮಗೆ ಪ್ರಿಯವಾಗುವುದೂ ಇದರಿಂದಲೇ: ಇನ್‌ಸೋಲ್ ನಮ್ಮ ಬೆರಳುಗಳ ಅಚ್ಚನ್ನು ಪಡೆದಿರುತ್ತದೆ, ಎಷ್ಟು ಬಿಗಿದರೆ ಪಾದದ ಮೇಲ್ಭಾಗ ಮರಗಟ್ಟುತ್ತದೆ ಎಂಬುದು ಲೇಸ್ ಕಟ್ಟುವ ಕೈಗೆ ಗೊತ್ತಿರುತ್ತದೆ.

ಇನ್ನೊಂದು ಮಾತು. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಸ್ನಾಯುರಜ್ಜುಗಳೂ ಮೂಳೆಗಳೂ ಪಳಗಲು ತಿಂಗಳುಗಳು ಬೇಕು. ಹೊಸ ಶೂಗಳ ಪುಟಿತ ವೇಗದ ಆಸೆ ಹುಟ್ಟಿಸುವಾಗ, ಹಳೆಯವು ಪೂರ್ತಿ ವಾಕ್ಯಗಳಲ್ಲಿ ಮಾತನಾಡುತ್ತಾ ಓಡಬಲ್ಲಷ್ಟು ನಿಧಾನದಲ್ಲಿ ನಮ್ಮನ್ನು ಇರಿಸುತ್ತವೆ. 21 ಕಿ.ಮೀ.ಗೆ ಬೇಕಾದ ಶಕ್ತಿಯ ಬಹುಭಾಗ ಅಂಥ ಓಟಗಳಿಂದಲೇ ಬರುತ್ತದೆ.

ಹಳೆಯ ಜೋಡಿಯನ್ನು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಬಿಸಿಲಿನಲ್ಲೂ ಒಣಗಿಸಬೇಡಿ. ಶಾಖಕ್ಕೆ ಅಂಟು ಬಿಡುತ್ತದೆ. ಮಳೆಯಲ್ಲಿ ನೆನೆದರೆ ಇನ್‌ಸೋಲ್ ತೆಗೆದು, ಒಳಗೆ ದಿನಪತ್ರಿಕೆಯ ಕಾಗದ ತುಂಬಿ, ಕೆಲವು ಗಂಟೆಗಳಿಗೊಮ್ಮೆ ಬದಲಿಸುತ್ತಾ ನೆರಳಿನಲ್ಲಿಡಿ. ಮೇಲ್ಬಟ್ಟೆ ಹರಿದರೆ ಬೀದಿಯ ಚಪ್ಪಲಿ ಹೊಲಿಯುವವರು ಅಚ್ಚುಕಟ್ಟಾಗಿ ಹೊಲಿದುಕೊಡುತ್ತಾರೆ, ಆದರೆ ಕುಸಿದ ಫೋಮ್‌ಗೆ ದುರಸ್ತಿಯಿಲ್ಲ. ಅಂಥದ್ದನ್ನು ನಡಿಗೆಗೋ ತೋಟದ ಕೆಲಸಕ್ಕೋ ಇಟ್ಟುಕೊಳ್ಳಬಹುದು.

ತಮ್ಮ ಶೂಗಳನ್ನು ಹಿಂದಿನಿಂದಲೂ ಅಡಿಯಿಂದಲೂ ತೆಗೆದ ಚಿತ್ರಗಳನ್ನು ಇಲ್ಲಿ ಹಾಕಿ, ವಾರಕ್ಕೆ ಎಷ್ಟು ಓಡುತ್ತೀರಿ ಎಂಬುದನ್ನೂ ತಿಳಿಸಿ. ದೀರ್ಘ ಓಟಗಳನ್ನು ಎರಡು ಜೋಡಿಗಳ ನಡುವೆ ಹೇಗೆ ಹಂಚಬಹುದು ಎಂಬುದನ್ನು ನೋಡಿ ಹೇಳುತ್ತೇನೆ.